ಸಿರಪ್ ಬೇಡ, ಆಂಟಿಬಯೋಟಿಕ್ ಬೇಡ ಅಂದಮೇಲೆ ನೆಗಡಿ, ಗಂಟಲುನೋವಿಗೆ ಮಾಡೋದೇನು?

ಸಂಜೆ ಏಳರ ಹೊತ್ತಿಗೆ ಹುಬ್ಬಳ್ಳಿಯ ಯಾವುದಾದರೂ ಓಣಿಯ ಮೆಡಿಕಲ್ ಶಾಪ್ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ಒಂದೇ ಥರದ ಮಾತು ನಾಲ್ಕು ಸಲ ಕಿವಿಗೆ ಬೀಳುತ್ತದೆ. "ಅಣ್ಣಾರ, ಕೂಸಿಗೆ ಕೆಮ್ಮಿನ ಔಷಧ ಕೊಡ್ರಿ." "ಗಂಟಲ ಹಿಡದೈತ್ರಿ, ಆ ಮೂರು ಗುಳಿಗಿ ಪಟ್ಟಿ ಕೊಡ್ರಿ." ಮೊದಲೆಲ್ಲ ಮಾತು ಮುಗಿಯುವ ಮುಂಚೆಯೇ ಅಂಗಡಿಯವರ ಕೈ ಕಪಾಟಿಗೆ ಹೋಗುತ್ತಿತ್ತು. ಈಗ ಕೆಲವು ಕಡೆ ಉತ್ತರ ಬೇರೆ: "ಡಾಕ್ಟರ್ ಚೀಟಿ ತರ್ರಿ, ಸಣ್ಣ ಮಕ್ಕಳಿಗೆ ಹಂಗ ಕೊಡಂಗಿಲ್ರಿ."

ಕೇಳಲು ಬಂದವರಿಗೆ ಇದು ಅರ್ಥವಾಗುವುದಿಲ್ಲ. ನಿನ್ನೆವರೆಗೂ ಸಲೀಸಾಗಿ ಸಿಗುತ್ತಿದ್ದದ್ದು ಇವತ್ತು ಯಾಕೆ ಇಲ್ಲ? ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತರು ಎಂಬ ಸುದ್ದಿ ಒಂದು ಕಡೆ, ಆಂಟಿಬಯೋಟಿಕ್ ಸುಮ್ನೆ ನುಂಗಬೇಡಿ ಎಂಬ ಎಚ್ಚರಿಕೆ ಇನ್ನೊಂದು ಕಡೆ. ಇವೆರಡೂ ವಾಟ್ಸಾಪ್‌ನಲ್ಲಿ ಒಂದರೊಳಗೊಂದು ಕಲಸಿಹೋಗಿ, "ನೆಗಡಿ, ಕೆಮ್ಮಿಗೆ ಔಷಧವನ್ನೇ ತಗೋಬಾರದಂತೆ" ಎಂಬಲ್ಲಿಗೆ ಬಂದು ನಿಂತಿವೆ. ಅದು ತಪ್ಪು. ಔಷಧವೇ ಬೇಡದ ಗಂಟಲುನೋವು ಇದೆ. ಔಷಧ ತಪ್ಪಿದರೆ ಹೃದಯಕ್ಕೇ ಪೆಟ್ಟು ಕೊಡುವ ಗಂಟಲುನೋವೂ ಇದೆ. ಇವುಗಳನ್ನು ಬೇರೆ ಮಾಡಿ ನೋಡಲು ಎರಡು ವಿಷಯ ಗೊತ್ತಿರಬೇಕು: ರೋಗ ಕೂತಿರುವುದು ಮೂಗಿನಲ್ಲೋ, ಗಂಟಲಿನಲ್ಲೋ, ಧ್ವನಿಪೆಟ್ಟಿಗೆಯಲ್ಲೋ ಎಂಬುದು ಒಂದು. ಶುರುವಾಗಿ ಎಷ್ಟು ದಿನ ಆಯಿತು ಎಂಬುದು ಇನ್ನೊಂದು. ಈ ಎರಡನೆಯದನ್ನು ನಾವು ಲೆಕ್ಕಕ್ಕೇ ಇಡುವುದಿಲ್ಲ.

ಎರಡು ಸುದ್ದಿ, ಎರಡು ಕಾರಣ

ಮೊದಲು ಸಿರಪ್ ವಿಷಯ. 2025ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಪುಟ್ಟ ಮಕ್ಕಳು ಕಿಡ್ನಿ ಕೆಟ್ಟು ತೀರಿಕೊಂಡರು. ಅವರಿಗೆ ಬಂದಿದ್ದದ್ದು ಮಾಮೂಲಿ ನೆಗಡಿ, ಕೆಮ್ಮು, ಜ್ವರ. ಕೊಟ್ಟಿದ್ದು ಕೋಲ್ಡ್‌ರಿಫ್ ಎಂಬ ಸಿರಪ್. ತಮಿಳುನಾಡಿನ ಔಷಧ ಇಲಾಖೆ ಪರೀಕ್ಷೆ ಮಾಡಿದಾಗ ಅದರಲ್ಲಿ ಶೇ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಸಿಕ್ಕಿತು. ಇರಬಹುದಾದ ಮಿತಿ ಶೇ 0.1. ಇದು ಕಾರ್ಖಾನೆಗಳಲ್ಲಿ ಬಳಸುವ ರಾಸಾಯನಿಕ, ರುಚಿಗೆ ಸಿಹಿ. ಸಿರಪ್‌ನಲ್ಲಿ ಔಷಧ ಕರಗಿಸಲು ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್‌ನಂಥ ದ್ರವ ಬೇಕು. ಔಷಧಕ್ಕೆಂದೇ ಶುದ್ಧ ಮಾಡಿದ್ದು ದುಬಾರಿ. ಕಾರ್ಖಾನೆ ದರ್ಜೆಯ ಅಗ್ಗದ ಮಾಲು ತಂದು, ಪರೀಕ್ಷೆ ಮಾಡದೆ ಸುರಿದರೆ ಈ ವಿಷ ಒಳಗೆ ಬರುತ್ತದೆ. ಮಗುವಿಗೆ ಮೊದಲು ವಾಂತಿ, ಆಮೇಲೆ ಮೂತ್ರವೇ ನಿಲ್ಲುತ್ತದೆ. 2022ರಲ್ಲಿ ಗ್ಯಾಂಬಿಯಾ ದೇಶದಲ್ಲಿ 60ಕ್ಕೂ ಹೆಚ್ಚು ಮಕ್ಕಳು ಸತ್ತಾಗಲೂ ಸಿರಪ್‌ಗಳಲ್ಲಿ ಸಿಕ್ಕಿದ್ದು ಇದೇ ಜಾತಿಯ ವಿಷ.

ಆದರೆ ಕೇಂದ್ರ ಆರೋಗ್ಯ ಇಲಾಖೆ ಅಕ್ಟೋಬರ್‌ನಲ್ಲಿ ಹೊರಡಿಸಿದ ಸೂಚನೆ ಬರೀ ಕಲಬೆರಕೆ ಬಗ್ಗೆ ಅಲ್ಲ, ಜನ ಗೊಂದಲಕ್ಕೆ ಬಿದ್ದಿದ್ದೇ ಇಲ್ಲಿ. 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿಯ ಔಷಧ ಬರೆಯಲೂ ಬಾರದು, ಕೊಡಲೂ ಬಾರದು. 5 ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಅದು ಹೇಳಿತು. ಅದಕ್ಕೂ ಮೊದಲು, 2023ರ ಡಿಸೆಂಬರ್‌ನಲ್ಲೇ, ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಕೂಡಿಸಿದ ಔಷಧ 4 ವರ್ಷದೊಳಗಿನವರಿಗೆ ಬೇಡ ಎಂದು ಬಾಟಲಿಯ ಮೇಲೆ ಅಚ್ಚು ಹಾಕಬೇಕೆಂಬ ಆದೇಶ ಬಂದಿತ್ತು. ಕಾರಣ ಇಷ್ಟೆ: ಸಿರಪ್ ಎಷ್ಟೇ ಶುದ್ಧವಾಗಿದ್ದರೂ ಚಿಕ್ಕ ಮಕ್ಕಳ ಕೆಮ್ಮನ್ನು ಅದು ಬೇಗ ವಾಸಿ ಮಾಡುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಇಲ್ಲ. ತೊಂದರೆ ಮಾತ್ರ ಖಚಿತ. ಮಂಪರು ಬರುತ್ತದೆ, ಎದೆಬಡಿತ ಏರುತ್ತದೆ, ಅಳತೆ ಮುಚ್ಚಳದ ಬದಲು ಚಹಾ ಚಮಚದಲ್ಲಿ ಹಾಕಿದರೆ ಪ್ರಮಾಣ ಹೆಚ್ಚುಕಮ್ಮಿಯಾಗುತ್ತದೆ. ಅಂದರೆ ಒಳ್ಳೆಯ ಕಂಪನಿಯದ್ದು ತಂದರೆ ಆಯ್ತು ಎನ್ನುವುದು ಅರ್ಧ ಸತ್ಯ.

ಎರಡನೆಯದು ಆಂಟಿಬಯೋಟಿಕ್. ಚೀಟಿ ಇಲ್ಲದೆ ಇವನ್ನು ಮಾರಬಾರದೆಂಬ ಕಾನೂನು ಹೊಸದಲ್ಲ. ಸೆಫಿಕ್ಸಿಮ್‌ನಂಥ ಕೆಲವು ಔಷಧಗಳು 2014ರಿಂದ ಎಚ್1 ಪಟ್ಟಿಯಲ್ಲಿವೆ. ಅವನ್ನು ಮಾರಿದರೆ ಡಾಕ್ಟರ್ ಹೆಸರು, ರೋಗಿಯ ಹೆಸರು ಬರೆದು ಆ ರಿಜಿಸ್ಟರ್ 3 ವರ್ಷ ಇಟ್ಟುಕೊಳ್ಳಬೇಕು. ಕಾನೂನು ಪುಸ್ತಕದಲ್ಲಿತ್ತು, ಪಾಲನೆ ಸಡಿಲವಾಗಿತ್ತು. 2024ರ ಜನವರಿಯಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ಡಾಕ್ಟರ್‌ಗಳಿಗೆ ಪತ್ರ ಬರೆದು, ಆಂಟಿಬಯೋಟಿಕ್ ಬರೆಯುವಾಗ ಯಾಕೆ ಎಂಬ ಕಾರಣವನ್ನೂ ಚೀಟಿಯಲ್ಲಿ ಬರೆಯಿರಿ ಎಂದರು. ಅದೇ ವರ್ಷ ಕೇರಳ ಅಂಗಡಿಗಳ ಮೇಲೆ ದಾಳಿ ಶುರು ಮಾಡಿತು. 2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ, ಔಷಧಕ್ಕೆ ಬಗ್ಗದ ರೋಗಾಣುಗಳನ್ನು ತಡೆಯುವ ಎರಡನೇ ರಾಷ್ಟ್ರೀಯ ಯೋಜನೆ ಪ್ರಕಟಿಸಿತು. ಇದರ ಹಿಂದಿರುವ ಭಯ ಕಲಬೆರಕೆಯದ್ದಲ್ಲ. ಔಷಧ ಶುದ್ಧವಾಗಿಯೇ ಇದೆ, ಆದರೆ ಕೆಲಸ ಮಾಡುವುದನ್ನು ನಿಲ್ಲಿಸುತ್ತಿದೆ ಎಂಬ ಭಯ.

ಮೂಗು: ಹತ್ತು ದಿನದ ಲೆಕ್ಕ

ಮಾಮೂಲಿ ನೆಗಡಿ ತರುವ ವೈರಸ್‌ಗಳು 200ಕ್ಕೂ ಹೆಚ್ಚು. ಅದಕ್ಕೇ ಒಂದು ಸಲ ಬಂದು ಹೋದರೆ ಮತ್ತೆ ಬರುವುದಿಲ್ಲ ಎನ್ನುವ ಹಾಗಿಲ್ಲ. ದೊಡ್ಡವರಿಗೆ ವರ್ಷಕ್ಕೆ ಎರಡು ಮೂರು ಸಲ, ಅಂಗನವಾಡಿಗೆ ಹೋಗುವ ಮಗುವಿಗೆ ಆರರಿಂದ ಎಂಟು ಸಲ ಬಂದರೂ ಅದು ಸಹಜವೇ. ಆಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ವೈರಸ್‌ಗೆ ಅದರಿಂದ ಏನೂ ಆಗುವುದಿಲ್ಲ.

ಹಾಗಾದರೆ ಎಷ್ಟೋ ಜನ "ಮೂರು ಗುಳಿಗೆ ತಗೊಂಡೆ, ಮೂರೇ ದಿನದಲ್ಲಿ ಆರಾಮಾಯ್ತು" ಎನ್ನುತ್ತಾರಲ್ಲ, ಅವರು ಸುಳ್ಳು ಹೇಳುತ್ತಿಲ್ಲ. ದಿನ ಎಣಿಸಿ ನೋಡಿ. ಮೊದಲ ದಿನ ಮೂಗು ಕೆರೆತ, ಗಂಟಲಲ್ಲಿ ಗರಗರ. ಎರಡನೇ, ಮೂರನೇ ದಿನ ಸೋರುವ ಮೂಗು, ಮೈಕೈ ನೋವು, ಜ್ವರ, ಇದೇ ಅದರ ತುದಿ. ಆ ಮೂರನೇ ದಿನದ ಸಂಜೆ ತಡೆಯಲಾಗದೆ ಅಂಗಡಿಗೆ ಹೋಗುತ್ತೇವೆ. ಆರನೇ ದಿನಕ್ಕೆ ಹಗುರಾಗುತ್ತದೆ. ಗುಳಿಗೆ ನುಂಗದಿದ್ದರೂ ಆರನೇ ದಿನಕ್ಕೇ ಹಗುರಾಗುತ್ತಿತ್ತು! ಹೆಸರು ಮಾತ್ರ ಗುಳಿಗೆಗೆ ಬಂತು, ಮುಂದಿನ ಸಲ ಕೈ ಅದರ ಕಡೆಗೇ ಹೋಗುತ್ತದೆ.

ಸಿಂಬಳ ಹಳದಿ, ಹಸಿರು ಆಯ್ತು ಎಂದರೆ ಕೀವಾಯಿತು, ಆಂಟಿಬಯೋಟಿಕ್ ಬೇಕೇ ಬೇಕು ಎಂಬ ನಂಬಿಕೆ ಬಹಳ ಆಳವಾಗಿ ಬೇರು ಬಿಟ್ಟಿದೆ. ವೈರಸ್ ಜೊತೆ ಹೋರಾಡಲು ಬರುವ ಬಿಳಿ ರಕ್ತಕಣಗಳಲ್ಲೇ ಹಸಿರು ಬಣ್ಣದ ಒಂದು ಕಿಣ್ವ ಇರುತ್ತದೆ. ಅವು ಸತ್ತು ಸಿಂಬಳದಲ್ಲಿ ಸೇರಿದಾಗ ಬಣ್ಣ ಬರುತ್ತದೆ, ಅಷ್ಟೆ. ಸಾದಾ ನೆಗಡಿಯಲ್ಲೂ ನಾಲ್ಕೈದನೇ ದಿನಕ್ಕೆ ಹೀಗಾಗುತ್ತದೆ.

ನಿಜವಾದ ಬ್ಯಾಕ್ಟೀರಿಯಾ ಸೈನಸ್, ಅಂದರೆ ಮೂಗಿನ ಸುತ್ತಲ ಮೂಳೆಗಳ ಪೊಳ್ಳಿನಲ್ಲಿ ಬ್ಯಾಕ್ಟೀರಿಯಾ ಸೋಂಕು, ಆಗುವುದು ನೂರು ನೆಗಡಿಯಲ್ಲಿ ಒಂದೋ ಎರಡೋ. ಅದರ ಗುರುತು ಹೀಗಿರುತ್ತದೆ. 10 ದಿನ ದಾಟಿದರೂ ಒಂದಿಷ್ಟೂ ಇಳಿಯುವುದಿಲ್ಲ. ಇಲ್ಲವೇ ಐದಾರು ದಿನಕ್ಕೆ ಇಳಿದ ಹಾಗಾಗಿ, ಮತ್ತೆ ಜ್ವರ, ತಲೆನೋವಿನ ಜೊತೆ ಜೋರಾಗಿ ತಿರುಗಿ ಬರುತ್ತದೆ. ಇಲ್ಲವೇ ಶುರುವಿನಿಂದಲೇ ಮೂರು ನಾಲ್ಕು ದಿನ 39 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಕೆನ್ನೆ ಮೂಳೆ ಮುಟ್ಟಿದರೆ ನೋವು, ಕೀವಿನಂಥ ಸಿಂಬಳ. ಇಂಥವರು ಡಾಕ್ಟರ್ ಹತ್ತಿರ ಹೋಗಬೇಕು, ಇವರಿಗೆ ಆಂಟಿಬಯೋಟಿಕ್ ಬೇಕಾಗಬಹುದು. ಕಣ್ಣಿನ ಸುತ್ತ ಊತ ಬಂದರಂತೂ ಒಂದು ದಿನವೂ ಕಾಯಬಾರದು.

ಮೂಗು ಕಟ್ಟಿದಾಗ ಬಿಡುವ ಡ್ರಾಪ್ಸ್ ಬಗ್ಗೆ ಒಂದು ಮಾತು. ಆಕ್ಸಿಮೆಟಾಜೋಲಿನ್, ಕ್ಸೈಲೋಮೆಟಾಜೋಲಿನ್ ಇರುವ ಡ್ರಾಪ್ಸ್ ಐದು ದಿನಕ್ಕಿಂತ ಜಾಸ್ತಿ ಬಳಸಿದರೆ, ಬಿಟ್ಟ ಕೂಡಲೇ ಮೂಗು ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತದೆ, ಮತ್ತೆ ಹಾಕಬೇಕಾಗುತ್ತದೆ. ವರ್ಷಗಟ್ಟಲೆ ಜೇಬಿನಲ್ಲಿ ಆ ಬಾಟಲಿ ಇಟ್ಟುಕೊಂಡು ತಿರುಗುವವರು ಇದ್ದಾರೆ. ಬರೀ ಉಪ್ಪುನೀರಿನ ಡ್ರಾಪ್ಸ್‌ಗೆ ಈ ಕಾಟ ಇಲ್ಲ, ಕೂಸುಗಳಿಗೂ ಅದೇ ಸರಿ.

ನೆಗಡಿಯಂತೆ ಕಾಣುವ ಧೂಳು

ನಮ್ಮ ಭಾಗದಲ್ಲಿ "ಮೂರು ತಿಂಗಳಿಂದ ನೆಗಡಿ" ಎನ್ನುವವರು ಬಹಳ. ವೈರಸ್ ನೆಗಡಿ ಮೂರು ತಿಂಗಳು ಇರುವುದಿಲ್ಲ. ಇಲ್ಲೂ ದಿನದ ಲೆಕ್ಕವೇ ಸುಳಿವು ಕೊಡುತ್ತದೆ. ಜ್ವರ ಇಲ್ಲ, ಬೆಳಿಗ್ಗೆ ಎದ್ದ ಕೂಡಲೇ ಸಾಲಾಗಿ ಹತ್ತು ಸೀನು, ನೀರಿನಂಥ ಸಿಂಬಳ, ಮೂಗು, ಕಣ್ಣು, ಬಾಯಿಯ ಅಂಗುಳದಲ್ಲೆಲ್ಲ ಕೆರೆತ ಎಂದರೆ ಅದು ಅಲರ್ಜಿ. ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜಿ ಉಜ್ಜಿ ಮಕ್ಕಳ ಮೂಗಿನ ಮೇಲೆ ಅಡ್ಡಗೆರೆ ಬಿದ್ದಿರುತ್ತದೆ, ನೋಡಿದರೆ ಗೊತ್ತಾಗುತ್ತದೆ.

ಕಾರಣಗಳಿಗೆ ಇಲ್ಲಿ ಬರ ಇಲ್ಲ. ಹುಬ್ಬಳ್ಳಿಯಲ್ಲಿ ಅಗೆದ ರಸ್ತೆ, ಕಾಮಗಾರಿಯ ಧೂಳು. ಮಳೆ ಬಿದ್ದ ಮೇಲೆ ಖಾಲಿ ಜಾಗದಲ್ಲೆಲ್ಲ ಎದ್ದು ನಿಲ್ಲುವ ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ, ಅದರ ಬಿಳಿ ಹೂವಿನ ಪರಾಗ ಅಲರ್ಜಿಗೆ ಹೆಸರಾದದ್ದು. ಗದಗ, ನವಲಗುಂದದ ಎರೆಹೊಲಗಳಲ್ಲಿ ಕಡಲೆ, ಜೋಳದ ರಾಶಿ ಮಾಡುವಾಗ ಮಷಿನ್ ಬಾಯಿಂದ ಹೊಟ್ಟು ಮೋಡದಂತೆ ಏಳುತ್ತದೆ. ಅಲ್ಲಿ ನಿಂತವರು ಟವೆಲ್‌ನಿಂದ ಬಾಯಿ ಕಟ್ಟಿಕೊಂಡಿರುತ್ತಾರೆ, ಮೂಗು ಎಷ್ಟೋ ಸಲ ಹೊರಗೇ ಇರುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯದ್ದು ಇನ್ನೊಂದು ಬಗೆ. ಹಂಗಾಮಿನಲ್ಲಿ ಚೀಲ ಸುರಿದು, ತೊಟ್ಟು ಮುರಿದು, ಮತ್ತೆ ತುಂಬುವ ಹೆಣ್ಣುಮಕ್ಕಳು ಇಡೀ ದಿನ ಆ ಘಾಟಿನಲ್ಲೇ ಕೂರುತ್ತಾರೆ. ಮೆಣಸಿನಕಾಯಿಯ ಖಾರದ ಅಂಶ ಮೂಗು, ಗಂಟಲಿನ ನರಗಳನ್ನು ನೇರವಾಗಿ ಕೆರಳಿಸುತ್ತದೆ. ಅದು ಅಲರ್ಜಿಯೂ ಅಲ್ಲ, ಸೋಂಕೂ ಅಲ್ಲ, ಉರಿ.

ಇವೆಲ್ಲಕ್ಕೂ ಜನ ತಗೊಳ್ಳುವುದು ಅದೇ ಮೂರು ಗುಳಿಗೆಯ ಆಂಟಿಬಯೋಟಿಕ್ ಪಟ್ಟಿ. ಕೆಲಸ ಮಾಡುವುದೇ ಇಲ್ಲ, ಆಗ "ಪವರ್ ಕಮ್ಮಿ ಆಯ್ತು" ಎಂದು ಇನ್ನೂ ದೊಡ್ಡ ಆಂಟಿಬಯೋಟಿಕ್‌ಗೆ ಹೋಗುತ್ತಾರೆ. ಅಲರ್ಜಿಗೆ ಬೇಕಿರುವುದು ಮೂಗಿಗೆ ಹೊಡೆಯುವ ಸ್ಟಿರಾಯ್ಡ್ ಸ್ಪ್ರೇ. ಸ್ಟಿರಾಯ್ಡ್ ಹೆಸರು ಕೇಳಿ ಹೆದರುವವರು ಜಾಸ್ತಿ, ಆದರೆ ಸ್ಪ್ರೇಯಲ್ಲಿ ಪ್ರಮಾಣ ತೀರ ಕಡಿಮೆ, ಹೆಚ್ಚಿನ ಪಾಲು ಮೂಗಿನಲ್ಲೇ ಕೆಲಸ ಮಾಡುತ್ತದೆ. ಇವತ್ತು ಹೊಡೆದರೆ ಇವತ್ತೇ ಪೂರ್ತಿ ಗುಣ ಕಾಣುವುದಿಲ್ಲ, ದಿನಾ ಬಳಸಿದರೆ ವಾರ, ಹತ್ತು ದಿನದಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಎರಡೇ ದಿನಕ್ಕೆ ಬಿಟ್ಟುಬಿಡುವುದೇ ಇದರಲ್ಲಿ ಆಗುವ ದೊಡ್ಡ ತಪ್ಪು.

ಗಂಟಲು: ಆಂಟಿಬಯೋಟಿಕ್ ಬೇಕೇ ಬೇಕಾದ ಜಾಗ

"ಆಂಟಿಬಯೋಟಿಕ್ ಕೆಟ್ಟದ್ದು" ಎಂಬ ಮಾತು ಅಪಾಯಕಾರಿಯಾಗುವುದು ಇಲ್ಲಿ. ಗಂಟಲುನೋವಿನಲ್ಲೂ ಹೆಚ್ಚಿನ ಪಾಲು ವೈರಸ್‌ನದೇ. ಆದರೆ ಶಾಲೆಗೆ ಹೋಗುವ ಮಕ್ಕಳಲ್ಲಿ ಸುಮಾರು ಐದರಲ್ಲೊಂದರಿಂದ ಮೂರರಲ್ಲೊಂದು, ದೊಡ್ಡವರಲ್ಲಿ ಹತ್ತರಲ್ಲೊಂದು ಗಂಟಲುನೋವು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುತ್ತದೆ. ಇದರ ಚಹರೆ ಬೇರೆ. ದಿಢೀರ್ ಜ್ವರ, ನುಂಗಲು ಆಗದಷ್ಟು ನೋವು, ದವಡೆಯ ಕೆಳಗೆ ಮುಟ್ಟಿದರೆ ನೋಯುವ ಗಂಟು, ಟಾರ್ಚ್ ಬಿಟ್ಟು ನೋಡಿದರೆ ಕೆಂಪು ಟಾನ್ಸಿಲ್ ಮೇಲೆ ಬಿಳಿ ಚುಕ್ಕೆ. ಮುಖ್ಯವಾಗಿ, ಕೆಮ್ಮು ಇರುವುದಿಲ್ಲ, ಮೂಗು ಸೋರುವುದಿಲ್ಲ. ಕೆಮ್ಮು, ನೆಗಡಿ, ಗಂಟಲುನೋವು ಮೂರೂ ಒಟ್ಟಿಗೆ ಬಂದರೆ ಅದು ಬಹುತೇಕ ವೈರಸ್. ಬರೀ ಗಂಟಲು ಮತ್ತು ಜ್ವರ ಎಂದರೆ ಡಾಕ್ಟರ್ ಬಾಯಿ ತೆಗೆಸಿ ನೋಡಬೇಕು.

ಯಾಕೆ ಇಷ್ಟು ಕಾಳಜಿ? ಸ್ಟ್ರೆಪ್ ಗಂಟಲುನೋವು ಕೂಡ ಔಷಧ ಇಲ್ಲದೆ ವಾರದಲ್ಲಿ ಇಳಿಯುತ್ತದೆ. ತೊಂದರೆ ಬರುವುದು ಆಮೇಲೆ. ಆ ಬ್ಯಾಕ್ಟೀರಿಯಾದ ಮೇಲೆ ದಾಳಿ ಮಾಡಲು ದೇಹ ತಯಾರಿಸಿದ ರಕ್ಷಣಾ ಸೈನ್ಯ, ಹೃದಯದ ಕವಾಟ ಮತ್ತು ಕೀಲುಗಳನ್ನೂ ಶತ್ರು ಎಂದು ತಪ್ಪು ತಿಳಿಯುತ್ತದೆ. ಎರಡು ಮೂರು ವಾರ ಕಳೆದ ಮೇಲೆ ಮಗುವಿಗೆ ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುವ ನೋವು, ಜ್ವರ. ಇದೇ ರುಮ್ಯಾಟಿಕ್ ಜ್ವರ. ಕೆಲವರಿಗೆ ಕವಾಟ ಶಾಶ್ವತವಾಗಿ ಕೆಡುತ್ತದೆ, ಎಷ್ಟೋ ವರ್ಷ ಕಳೆದು, ಬಸುರಿಯಾದಾಗ ಉಸಿರು ಕಟ್ಟಿ ಗೊತ್ತಾಗುವ ಹೆಣ್ಣುಮಕ್ಕಳಿದ್ದಾರೆ. ಇದು 5ರಿಂದ 15 ವರ್ಷದವರಿಗೆ ಬರುವುದು ಜಾಸ್ತಿ. ಗಂಟಲುನೋವು ಶುರುವಾದ 9 ದಿನದೊಳಗೆ ಪೆನಿಸಿಲಿನ್ ಅಥವಾ ಅಮೋಕ್ಸಿಸಿಲಿನ್ ಶುರು ಮಾಡಿ, 10 ದಿನ ಪೂರ್ತಿ ಕೊಟ್ಟರೆ ಇದನ್ನು ತಡೆಯಬಹುದು. ಹಳೆಯ, ಅಗ್ಗದ ಔಷಧವೇ ಸಾಕು. ಮೂರು ದಿನಕ್ಕೆ ನೋವು ಹೋಯಿತೆಂದು ನಿಲ್ಲಿಸಿದರೆ ಅರ್ಧ ಕೆಲಸ ಮಾಡಿದ ಹಾಗೆ.

ಗಂಟಲುಮಾರಿಯನ್ನೂ ಮರೆಯಬಾರದು. ಡಿಫ್ತೀರಿಯಾ ಹೋಗೇಬಿಟ್ಟಿತು ಎಂದುಕೊಂಡಿದ್ದೇವೆ, ಆದರೆ 2018ರಲ್ಲಿ ಭಾರತದಲ್ಲಿ 8,000ಕ್ಕೂ ಹೆಚ್ಚು ಪ್ರಕರಣ ದಾಖಲಾದವು. ಟಾನ್ಸಿಲ್ ಮೇಲೆ ಬೂದು ಬಣ್ಣದ ಪೊರೆ ಕಟ್ಟಿ, ಕೆರೆದರೆ ರಕ್ತ ಬರುತ್ತದೆ, ಕತ್ತು ಊದುತ್ತದೆ. ಇದಕ್ಕೆ ಆಂಟಿಬಯೋಟಿಕ್ ಒಂದೇ ಸಾಲದು, ವಿಷ ಇಳಿಸುವ ಆಂಟಿಟಾಕ್ಸಿನ್ ಬೇಕು, ಅದೂ ಆಸ್ಪತ್ರೆಯಲ್ಲೇ. ಕೂಸಿದ್ದಾಗ ಹಾಕಿಸಿದ ಲಸಿಕೆಯ ಬಲ ಕ್ರಮೇಣ ಕುಂದುತ್ತದೆ. ಅದಕ್ಕೇ ಒಂದೂವರೆ ವರ್ಷಕ್ಕೆ, 5 ವರ್ಷಕ್ಕೆ, 10 ಮತ್ತು 16 ವರ್ಷಕ್ಕೆ ಮತ್ತೆ ಹಾಕಿಸಬೇಕು. ಕೊನೆಯ ಎರಡನ್ನು ಬಹಳ ಮನೆಗಳಲ್ಲಿ ಮರೆತೇಬಿಡುತ್ತಾರೆ.

ಒಂದೇ ಪಕ್ಕದಲ್ಲಿ ವಿಪರೀತ ನೋವು, ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ, ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವರ ಹಾಗೆ ಮಾತು. ಇದು ಟಾನ್ಸಿಲ್ ಪಕ್ಕ ಕೀವು ತುಂಬಿರುವ ಗುರುತು, ಅದೇ ದಿನ ಇಎನ್‌ಟಿ ಡಾಕ್ಟರ್‌ಗೆ ತೋರಿಸಬೇಕು.

ಯಾರ ಮಾತು ಎಷ್ಟು ಸರಿ

ಈ ನಿಯಮಗಳ ಬಗ್ಗೆ ಮೂರು ಕಡೆಯವರು ಮೂರು ಮಾತಾಡುತ್ತಾರೆ. ಮೆಡಿಕಲ್ ಶಾಪ್‌ನವರು ಹೇಳುವುದು, "ನಾವು ಕೊಡದಿದ್ರ ಪಕ್ಕದ ಅಂಗಡ್ಯಾಗ ಸಿಗ್ತೈತಿ, ಗಿರಾಕಿ ಹೋಗ್ತಾರ, ರೋಗ ಏನ್ ನಿಲ್ಲಂಗಿಲ್ಲ." ಒಬ್ಬಿಬ್ಬರ ಮೇಲಷ್ಟೇ ಬಿಗಿ ಮಾಡಿದರೆ ಇದು ನಿಜವೂ ಹೌದು. ಕಟ್ಟುನಿಟ್ಟು ಎಂದರೆ ಎಲ್ಲರಿಗೂ ಒಂದೇ ಆಗಬೇಕು, ಇಲ್ಲದಿದ್ದರೆ ನಿಯಮ ಪಾಲಿಸುವವನಿಗೇ ನಷ್ಟ.

ಡಾಕ್ಟರ್‌ಗಳಲ್ಲಿ ಎರಡು ಗುಂಪು. ಮಕ್ಕಳ ತಜ್ಞರು ಬಹುಪಾಲು ಸಿರಪ್ ಸೂಚನೆಯ ಪರ. ಆದರೆ ದಿನಕ್ಕೆ ನೂರು ರೋಗಿಗಳನ್ನು ನೋಡುವ ಡಾಕ್ಟರ್ ಕಷ್ಟ ಬೇರೆ. ಸ್ಟ್ರೆಪ್ ಇದೆಯೋ ಇಲ್ಲವೋ ಎಂದು ಗಂಟಲಿನ ದ್ರವ ತೆಗೆದು ಪರೀಕ್ಷೆ ಮಾಡುವ ಅನುಕೂಲ ಹಳ್ಳಿ ಕ್ಲಿನಿಕ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ರೋಗಿ "ಸೂಜಿ ಮಾಡ್ರಿ ಸಾಹೇಬ್ರ" ಎಂದು ಬಂದಿರುತ್ತಾನೆ, ಉಪ್ಪುನೀರು ಮುಕ್ಕಳಿಸು ಎಂದರೆ ಈ ಡಾಕ್ಟರ್‌ಗೆ ಏನೂ ಗೊತ್ತಿಲ್ಲ ಎಂದು ಎದ್ದು ಹೋಗುತ್ತಾನೆ. ಹಾಗಾಗಿ ಇರಲಿ ಎಂದು ಒಂದು ಆಂಟಿಬಯೋಟಿಕ್ ಬರೆದುಬಿಡುತ್ತಾರೆ. ಚೀಟಿ ಇದ್ದ ಮಾತ್ರಕ್ಕೆ ಔಷಧ ಬೇಕಿತ್ತು ಎಂದಾಗುವುದಿಲ್ಲ, ಈ ಭಾಗವನ್ನು ಅಂಗಡಿಯ ಮೇಲಿನ ದಾಳಿ ಮುಟ್ಟುವುದೇ ಇಲ್ಲ.

ಮೂರನೆಯವರು ತಂದೆತಾಯಿ. ಶಿರಹಟ್ಟಿ ಕಡೆಯ ಹಳ್ಳಿಯ ಕೂಲಿ ಹೆಣ್ಣುಮಗಳು ಮಗುವನ್ನು ಗದಗಿಗೆ ಕರೆದುಕೊಂಡು ಬಂದರೆ ಒಂದು ದಿನದ ಪಗಾರ ಹೋಯಿತು, ಮೇಲೆ ಪಾಳಿಯಲ್ಲಿ ಕಾಯಬೇಕು. ಊರ ಅಂಗಡಿಯಲ್ಲಿ ಸಿರಪ್ ಐದು ನಿಮಿಷದ ಕೆಲಸ. ಆಕೆ ಅಜ್ಞಾನದಿಂದ ಹಾಗೆ ಮಾಡುತ್ತಿಲ್ಲ, ಲೆಕ್ಕ ಹಾಕಿಯೇ ಮಾಡುತ್ತಿದ್ದಾಳೆ. ನಗರಗಳಲ್ಲಿ "ನಮ್ಮ ಕ್ಲಿನಿಕ್" ಎಂಬ ಸರ್ಕಾರಿ ಕ್ಲಿನಿಕ್‌ಗಳು ಬಂದು ಕೆಲವು ವರ್ಷವಾಯಿತು. ಆದರೆ ಕೆಲಸ ಮುಗಿಸಿ, ಮಗುವಿನ ಕೆಮ್ಮು ಜೋರಾಗುವ ರಾತ್ರಿಯ ಹೊತ್ತಿಗೆ ತೆರೆದಿರುವುದು ಮೆಡಿಕಲ್ ಶಾಪ್ ಒಂದೇ. ನಿಯಮ ಸರಿ ಇದೆ, ಅದರಲ್ಲಿ ಅನುಮಾನ ಬೇಡ. ಆದರೆ ಅದರ ಭಾರವನ್ನೆಲ್ಲ ಈ ತಾಯಿಯ ತಲೆ ಮೇಲೆ ಹೊರಿಸುವುದು ಸರಿ ಅಲ್ಲ.

ಧ್ವನಿಪೆಟ್ಟಿಗೆ: ಮೂರು ವಾರ

ಸಿರಪ್, ಆಂಟಿಬಯೋಟಿಕ್ ಗದ್ದಲದಲ್ಲಿ ಯಾರೂ ಮಾತಾಡದ ಜಾಗ ಇದು, ತಡವಾಗಿ ಬಂದು ಜೀವ ಕಳೆದುಕೊಳ್ಳುವವರು ಇರುವುದೂ ಇಲ್ಲೇ. ದನಿ ಹುಟ್ಟುವುದು ಕತ್ತಿನ ಮುಂಭಾಗದಲ್ಲಿ, ಒಂದೂವರೆ ಎರಡು ಸೆಂಟಿಮೀಟರ್ ಉದ್ದದ ಎರಡು ಮಡಿಕೆಗಳಿಂದ. ಮಾತಾಡುವಾಗ ಗಂಡಸಿನಲ್ಲಿ ಸೆಕೆಂಡಿಗೆ ನೂರಕ್ಕೂ ಹೆಚ್ಚು, ಹೆಂಗಸಿನಲ್ಲಿ ಇನ್ನೂರರ ಆಸುಪಾಸು ಸಲ ಅವು ಒಂದಕ್ಕೊಂದು ತಾಗುತ್ತವೆ. ನೆಗಡಿಯ ಜೊತೆ ಅವು ಊದಿಕೊಂಡರೆ ಗಂಟಲು ಕಟ್ಟುತ್ತದೆ, ದನಿ ಬೀಳುತ್ತದೆ. ಇದಕ್ಕೂ ಆಂಟಿಬಯೋಟಿಕ್ ಬೇಡ. ವಾರ, ಹೆಚ್ಚೆಂದರೆ ಎರಡು ವಾರದಲ್ಲಿ ತಾನೇ ಸರಿಹೋಗುತ್ತದೆ. ನೀರು ಕುಡಿಯಬೇಕು, ಮಾತು ಕಡಿಮೆ ಮಾಡಬೇಕು. ಪಿಸುಮಾತು ಆಡಿದರೆ ಗಂಟಲಿಗೆ ವಿಶ್ರಾಂತಿ ಎಂದು ತಿಳಿದವರಿದ್ದಾರೆ, ಬಿಗಿಹಿಡಿದು ಪಿಸುಗುಟ್ಟುವುದರಿಂದ ಗಂಟಲಿನ ಮೇಲೆ ಒತ್ತಡವೇ ಬೀಳುತ್ತದೆ. ಮೆಲ್ಲಗೆ, ಸಹಜ ದನಿಯಲ್ಲಿ ಮಾತಾಡುವುದು ವಾಸಿ.

ಅರವತ್ತು ಮಕ್ಕಳ ಕ್ಲಾಸಿನಲ್ಲಿ ಫ್ಯಾನಿನ ಸದ್ದು, ಹೊರಗಿನ ಟ್ರಾಫಿಕ್ ಮೀರಿ ಕೂಗಿ ಪಾಠ ಮಾಡುವ ಶಿಕ್ಷಕಿಗೆ ಸೋಮವಾರ ಇದ್ದ ದನಿ ಶನಿವಾರದ ಹೊತ್ತಿಗೆ ಇರುವುದಿಲ್ಲ. ಬಸ್ ಕಂಡಕ್ಟರ್, ಎಪಿಎಂಸಿಯಲ್ಲಿ ಹರಾಜು ಕೂಗುವವರು, ತರಕಾರಿ ಗಾಡಿಯವರದೂ ಇದೇ ಪಾಡು. ಕುಂಟೆ ಹಿಡಿದ ಅಂಗೈ ಜಡ್ಡುಗಟ್ಟಿದ ಹಾಗೆ ಧ್ವನಿಮಡಿಕೆಗಳ ಮೇಲೂ ಸಣ್ಣ ಗಂಟು ಏಳುತ್ತದೆ. ಇದು ಕ್ಯಾನ್ಸರ್ ಅಲ್ಲ. ಹೆಚ್ಚಿನವರಿಗೆ ಆಪರೇಷನ್ನೂ ಬೇಡ, ದನಿ ಬಳಸುವ ರೀತಿ ಕಲಿಸುವ ಥೆರಪಿ ಸಾಕು. ಧಾರವಾಡದಲ್ಲೇ ಜೆಎಸ್‌ಎಸ್ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಆದರೆ ದನಿಗೂ ಒಂದು ಥೆರಪಿ ಇದೆ ಎಂಬುದೇ ಎಷ್ಟೋ ಶಿಕ್ಷಕರಿಗೆ ಗೊತ್ತಿಲ್ಲ. ಇನ್ನು ರಾತ್ರಿ ಹತ್ತಕ್ಕೆ ಮಿರ್ಚಿ, ಗಿರ್ಮಿಟ್ ತಿಂದು ಹಾಗೇ ಮಲಗುವವರಿಗೆ ಹೊಟ್ಟೆಯ ಹುಳಿ ಮೇಲಕ್ಕೇರಿ ಬೆಳಿಗ್ಗೆ ಗಂಟಲು ಗರಗರ ಎನ್ನಬಹುದು. ಊಟಕ್ಕೂ ನಿದ್ದೆಗೂ ನಡುವೆ ಎರಡು ಮೂರು ತಾಸು ಬಿಟ್ಟರೆ ಬಹಳ ಜನರಿಗೆ ಹಗುರಾಗುತ್ತದೆ.

ದನಿ ಗಡಸಾಗಿರುವುದೇ ರೋಗ ಅಲ್ಲ, ಗಂಗೂಬಾಯಿ ಹಾನಗಲ್ ಅವರ ಗಂಭೀರ ದನಿ ಕೇಳಿ ಬೆಳೆದ ಊರಿದು. ಇದ್ದ ದನಿ ಬದಲಾಗಿ, ತಿರುಗಿ ಬರದೇ ಇರುವುದು ಲಕ್ಷಣ. 3 ವಾರ ದಾಟಿದರೂ ದನಿ ಒಡೆದೇ ಇದ್ದರೆ, ಅದರಲ್ಲೂ ಬೀಡಿ, ಸಿಗರೇಟು, ಕುಡಿತದ ಚಟ ಇದ್ದು 45 ದಾಟಿದ್ದರೆ, ಒಳಗೆ ನೋಡಿಸಲೇಬೇಕು. ಬೀಡಿ ಮತ್ತು ಕುಡಿತ ಎರಡೂ ಕೂಡಿದರೆ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಅಪಾಯ ಒಂದಕ್ಕೆ ಒಂದು ಸೇರಿಸಿದ್ದಕ್ಕಿಂತ ಎಷ್ಟೋ ಜಾಸ್ತಿ. ಗುಟ್ಕಾ ಮುಖ್ಯವಾಗಿ ಬಾಯಿ, ಗಂಟಲಿಗೆ ಹೊಡೆಯುತ್ತದೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು, ಆದರೆ ಪಾನ್ ಮಸಾಲ ಒಂದು ಚೀಟು, ತಂಬಾಕು ಒಂದು ಚೀಟು ಬೇರೆ ಬೇರೆ ಕೊಂಡು ಅಂಗೈಯಲ್ಲೇ ಕೂಡಿಸಿ ಬಾಯಿಗೆ ಹಾಕಿಕೊಳ್ಳುವುದು ನಿಂತಿಲ್ಲ.

ಧ್ವನಿಮಡಿಕೆಯ ಕ್ಯಾನ್ಸರ್‌ನಲ್ಲಿ ಒಂದು ಸಮಾಧಾನದ ಸಂಗತಿ ಇದೆ. ಮಡಿಕೆಯ ಮೇಲೆ ಅಕ್ಕಿಕಾಳಿನಷ್ಟು ಗಂಟು ಎದ್ದರೂ ದನಿ ಬದಲಾಗಿಬಿಡುತ್ತದೆ, ಅಂದರೆ ರೋಗ ಬಹಳ ಮುಂಚೆಯೇ ಕೂಗಿ ಹೇಳುತ್ತದೆ. ಆ ಹಂತದಲ್ಲಿ ಬಂದರೆ ರೇಡಿಯೇಷನ್ ಅಥವಾ ಲೇಸರ್ ಒಂದರಲ್ಲೇ ಹತ್ತರಲ್ಲಿ ಎಂಟು ಒಂಬತ್ತು ಜನ ಉಳಿಯುತ್ತಾರೆ, ದನಿಯೂ ಉಳಿಯುತ್ತದೆ. ತಿಂಗಳುಗಟ್ಟಲೆ ಗುಳಿಗೆ, ಕಷಾಯ, ಕಲ್ಲುಸಕ್ಕರೆ ಎಂದು ಕಳೆದು, ಉಸಿರು ಕಟ್ಟಿದಾಗ ಬಂದರೆ ಇಡೀ ಧ್ವನಿಪೆಟ್ಟಿಗೆ ತೆಗೆದು, ಕತ್ತಿನಲ್ಲಿ ತೂತು ಮಾಡಿ ಉಸಿರಾಡಿಸಬೇಕಾಗುತ್ತದೆ.

ಪರೀಕ್ಷೆಯ ಭಯವೂ ಜನರನ್ನು ತಡೆಯುತ್ತದೆ. ಅಲ್ಲಿ ನಡೆಯುವುದು ಇಷ್ಟೆ: ಡಾಕ್ಟರ್ ನಾಲಿಗೆಯನ್ನು ಬಟ್ಟೆ ತುಂಡಿನಿಂದ ಮೆಲ್ಲಗೆ ಹಿಡಿದು, ಬೆಚ್ಚಗೆ ಮಾಡಿದ ಪುಟ್ಟ ಕನ್ನಡಿಯನ್ನು ಅಂಗುಳದ ಹಿಂದೆ ಇಟ್ಟು, "ಈ... ಅನ್ರಿ" ಎನ್ನುತ್ತಾರೆ. ಇಲ್ಲವೇ ಮರಗಟ್ಟಿಸುವ ಔಷಧ ಸಿಂಪಡಿಸಿ, ಮೂಗಿನಿಂದ ತೆಳುವಾದ ಕ್ಯಾಮೆರಾ ಕೊಳವೆ ಇಳಿಸುತ್ತಾರೆ. ಕೆಲವೇ ನಿಮಿಷ. ಹುಬ್ಬಳ್ಳಿಯವರು ಈಗಲೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆ, ಗದಗಿನ ಜಿಮ್ಸ್, ಹಾವೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ಸತ್ತೂರಿನ ಎಸ್‌ಡಿಎಂ, ಎಲ್ಲ ಕಡೆ ಇಎನ್‌ಟಿ ವಿಭಾಗ ಇದೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಕೆಮ್ಮೇ 2 ವಾರ ದಾಟಿದ್ದರೆ ಕಫ ಪರೀಕ್ಷೆಯನ್ನೂ ಮಾಡಿಸಬೇಕು. ಕ್ಷಯ ಶ್ವಾಸಕೋಶದಿಂದ ಧ್ವನಿಪೆಟ್ಟಿಗೆಗೂ ಹರಡಬಹುದು, ಆ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ.

ಮುಂದೆ ಏನಾಗಬಹುದು

ನಿಯಮ ಬಿಗಿಯಾದಂತೆ ಮೊದಲು ಆಗುವುದು ಸರ್ಕಾರಿ ಕ್ಲಿನಿಕ್‌ಗಳಲ್ಲಿ ಜನಜಂಗುಳಿ. ಅಲ್ಲಿ ಡಾಕ್ಟರ್, ಸಿಬ್ಬಂದಿ ಹೆಚ್ಚಿಸದಿದ್ದರೆ ಒಬ್ಬೊಬ್ಬ ರೋಗಿಗೆ ಸಿಗುವ ಸಮಯ ಇನ್ನೂ ಕಡಿಮೆಯಾಗಿ, ಚೀಟಿಯಲ್ಲಿ ಆಂಟಿಬಯೋಟಿಕ್ ಜಾಸ್ತಿಯೇ ಆಗಬಹುದು. ಎರಡನೆಯ ಅಪಾಯ ಮನೆಯೊಳಗಿನದು. ಸಿರಪ್ ಸಿಗದಿದ್ದರೆ ದೊಡ್ಡವರ ಗುಳಿಗೆಯನ್ನು ಅರ್ಧ ಮುರಿದು ಅರೆದು ಮಗುವಿಗೆ ಕೊಡುವುದು. ಇದು ಸಿರಪ್‌ಗಿಂತ ಅಪಾಯ, ಯಾಕೆಂದರೆ ಇಲ್ಲಿ ಅಳತೆಯೇ ಇಲ್ಲ. ಮೂರನೆಯದು, ಹೋದ ಸಲ ಉಳಿದ ಎರಡು ಗುಳಿಗೆಯನ್ನು ಡಬ್ಬಿಯಲ್ಲಿಟ್ಟು ಈ ಸಲ ನುಂಗುವುದು. ಬ್ಯಾಕ್ಟೀರಿಯಾಗಳಿಗೆ ಪಾಠ ಕಲಿಸುವುದು ಇಂಥ ಅರೆಬರೆ ಪ್ರಮಾಣವೇ. ಗಂಟಲಿಗೆಂದು ನುಂಗಿದ ಗುಳಿಗೆ ಕರುಳಿನ ಬ್ಯಾಕ್ಟೀರಿಯಾಗಳನ್ನೂ ಮುಟ್ಟುತ್ತದೆ. ಅಲ್ಲಿ ಗಟ್ಟಿಯಾದವು ಉಳಿದು ಬೆಳೆಯುತ್ತವೆ, ನಾಳೆ ಅದೇ ವ್ಯಕ್ತಿಗೆ ಮೂತ್ರದ ಸೋಂಕು ಬಂದಾಗ ಆ ಔಷಧ ನಾಟುವುದಿಲ್ಲ. 2019ರ ಒಂದೇ ವರ್ಷ, ಔಷಧಕ್ಕೆ ಬಗ್ಗದ ಇಂಥ ಸೋಂಕುಗಳಿಂದ ಜಗತ್ತಿನಲ್ಲಿ 12 ಲಕ್ಷಕ್ಕೂ ಹೆಚ್ಚು ಜನ ಸತ್ತರೆಂಬ ಅಂದಾಜು ಇದೆ.

ಮನೆಯಲ್ಲಿ ಮಾಡಬಹುದಾದದ್ದು ಕಡಿಮೆ ಏನಿಲ್ಲ. 1 ವರ್ಷ ದಾಟಿದ ಮಗುವಿಗೆ ಮಲಗುವಾಗ ಅರ್ಧ ಚಮಚ ಜೇನುತುಪ್ಪ ಕೊಟ್ಟರೆ ರಾತ್ರಿ ಕೆಮ್ಮು ಇಳಿಯುತ್ತದೆ. ವರ್ಷದೊಳಗಿನ ಕೂಸಿಗೆ ಮಾತ್ರ ಜೇನು ಬೇಡವೇ ಬೇಡ. ಬಿಸಿನೀರಿನ ಪಾತ್ರೆ ಇಟ್ಟು ಮಕ್ಕಳಿಗೆ ಹಬೆ ಕೊಡಿಸಬೇಡಿ, ಮೈ ಸುಟ್ಟುಕೊಂಡು ಆಸ್ಪತ್ರೆ ಸೇರುವ ಮಕ್ಕಳಿದ್ದಾರೆ. ಮಗು ಮಲಗಿದ್ದಾಗ ಅಂಗಿ ಮೇಲೆತ್ತಿ, ಗಡಿಯಾರ ಹಿಡಿದು ಒಂದು ನಿಮಿಷ ಉಸಿರು ಎಣಿಸಿ. 2 ತಿಂಗಳಿಂದ 1 ವರ್ಷದ ಕೂಸಿಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದ ಮಗುವಿಗೆ 40 ಅಥವಾ ಹೆಚ್ಚು ಬಂದರೆ, ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ಉಸಿರೆಳೆಯುವಾಗ ಕರ್ ಎಂದು ಸದ್ದು ಬಂದರೆ, ಜೊಲ್ಲನ್ನೂ ನುಂಗಲಾಗದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಗ್ಯಾಸ್ ಸಿಲಿಂಡರ್ ಹಚ್ಚಿದ ದಿನವನ್ನು ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುವುದು ನಮ್ಮ ಎಷ್ಟೋ ಮನೆಗಳಲ್ಲಿ ರೂಢಿ. ಗಂಟಲುನೋವು ಶುರುವಾದ ದಿನ, ದನಿ ಬಿದ್ದ ದಿನವನ್ನೂ ಅದರ ಪಕ್ಕದಲ್ಲೇ ಬರೆದಿಡಿ. ಡಾಕ್ಟರ್ ಮುಂದೆ ಕೂತಾಗ "ಬಾಳ ದಿವ್ಸ ಆತ್ರಿ" ಎನ್ನುವ ಬದಲು "ಇವತ್ತಿಗೆ ಹನ್ನೊಂದು ದಿನ ಆತ್ರಿ, ಕೆಮ್ಮು ಇಲ್ರಿ" ಎಂದು ಹೇಳಿದರೆ, ಆ ಎರಡು ನಿಮಿಷದಲ್ಲಿ ಅವರಿಗೆ ಮೊದಲು ಬೇಕಾಗಿರುವುದು ಅದೇ.